ಹಾವಿಗಾಗಿ ಇಲಿ ಸಾಕುವ ಮನೆಗಳಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಈಗ ಸಾಕು ಹಾವುಗಳೂ ಇವೆ. ಮಕ್ಕಳು ಗೆಳೆಯರ ಮನೆಯಲ್ಲಿ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವನ್ನು ನೋಡಿ ಬರುತ್ತಾರೆ, ಹಟ ಹಿಡಿಯುತ್ತಾರೆ, ಗ್ರಂಥಾಲಯದಿಂದ ಪುಸ್ತಕ ತಂದು ಓದಿ ತೋರಿಸುತ್ತಾರೆ. ಕೊನೆಗೆ ತಂದೆ ತಾಯಿ ಒಪ್ಪಿಕೊಳ್ಳುತ್ತಾರೆ. ಗಾಜಿನ ಪೆಟ್ಟಿಗೆ, ಕೆಳಗಿನಿಂದ ಬಿಸಿ ಕೊಡುವ ಹಾಸು, ಅವಿತುಕೊಳ್ಳಲು ಒಂದು ಗೂಡು, ಎಲ್ಲವೂ ಬರುತ್ತದೆ. ಊಟದ ಪ್ರಶ್ನೆ ಏಳುವುದು ಅದಾದ ಮೇಲೆ. ಅಂಗಡಿಯಲ್ಲಿ ಹೆಪ್ಪುಗಟ್ಟಿಸಿದ ಇಲಿಯ ಬೆಲೆ ನೋಡಿದವರು, ‘ಮನೆಯಲ್ಲೇ ನಾಲ್ಕು ಇಲಿ ಸಾಕಿಕೊಂಡರೆ ಆಯಿತಲ್ಲ’ ಎನ್ನುತ್ತಾರೆ. ಇಂದು ನನ್ನ ಮಾತು ಹಾಗೆ ಹೊರಟವರ ಜೊತೆ. ಇಲ್ಲಿ ಇಲಿ ಎಂದರೆ ಸಣ್ಣ ಜಾತಿಯ ಮೌಸ್, ದೊಡ್ಡ ಜಾತಿಯ ರ್‍ಯಾಟ್ ಅಲ್ಲ.

ಕರ್ನಾಟಕದಿಂದ ಕೇಳುತ್ತಿರುವವರಿಗೆ ಮೊದಲೇ ಒಂದು ಮಾತು. ಭಾರತದಲ್ಲಿ ನಮ್ಮ ನಾಡಿನ ಕಾಡುಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕೇರೆ ಹಾವಿಗೂ ಇದು ಅನ್ವಯಿಸುತ್ತದೆ. ಬಾಲ್ ಪೈಥಾನ್‌ನಂಥ ವಿದೇಶಿ ಹಾವನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಲೇಬೇಕು. ಅಮೆರಿಕದಲ್ಲೂ ಎಲ್ಲ ಕಡೆ ಒಂದೇ ಕಾನೂನು ಇಲ್ಲ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಜಾರ್ಜಿಯಾದಲ್ಲಿ ಕಾರ್ನ್ ಸ್ನೇಕ್ ಆ ನೆಲದ್ದೇ ಹಾವಾದ್ದರಿಂದ ಅದನ್ನು ಸಾಕಲು ಬಿಡುವುದಿಲ್ಲ. ನಿಮ್ಮ ರಾಜ್ಯದ ನಿಯಮವನ್ನು ನೀವೇ ವಿಚಾರಿಸಿಕೊಳ್ಳಿ.

ಈಗ ಲೆಕ್ಕಕ್ಕೆ ಬರೋಣ. ಬೆಳೆದ ಕಾರ್ನ್ ಸ್ನೇಕ್ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ ಒಂದು ಬೆಳೆದ ಇಲಿಯನ್ನು ತಿನ್ನುತ್ತದೆ. ತಿಂಗಳಿಗೆ ಎರಡು, ಹೆಚ್ಚೆಂದರೆ ಮೂರು. ಹೆಣ್ಣಿಲಿಯಾದರೋ ಗಬ್ಬ ಕಟ್ಟಿದ 19ರಿಂದ 21 ದಿನಕ್ಕೆ ಈಯುತ್ತದೆ. ಒಂದು ಸೂಲಿಗೆ ಆರರಿಂದ ಹನ್ನೆರಡು ಮರಿ. ಈದು ಒಂದು ದಿನ ಕಳೆಯುವುದರೊಳಗೆ ಮತ್ತೆ ಬೆದೆಗೆ ಬರುತ್ತದೆ. ಗಂಡು ಜೊತೆಯಲ್ಲೇ ಇದ್ದರೆ ಮರಿಗಳಿಗೆ ಹಾಲೂಡುತ್ತಲೇ ಮುಂದಿನ ಸೂಲಿಗೆ ಗಬ್ಬವಾಗಿರುತ್ತದೆ. ಒಂದು ಗಂಡು, ಎರಡು ಹೆಣ್ಣು ಇಟ್ಟುಕೊಂಡರೂ ತಿಂಗಳಿಗೆ ಹದಿನೈದು ಮರಿಗಳಿಗೆ ಮೋಸವಿಲ್ಲ. ಆ ಮರಿಗಳು ಐದಾರು ವಾರಕ್ಕೆ ತಾವೇ ಮರಿ ಹಾಕಲು ಸಿದ್ಧವಾಗುತ್ತವೆ. ಹಾವು ತಿನ್ನುವ ವೇಗಕ್ಕೂ ಇಲಿ ಈಯುವ ವೇಗಕ್ಕೂ ಹೊಂದಿಕೆಯೇ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಮನೆಯಲ್ಲಿ ಒಂದೋ ಎರಡೋ ಹಾವಿರುವವರು ಇಲಿ ಸಾಕಬೇಡಿ. ಹೆಪ್ಪುಗಟ್ಟಿಸಿದ್ದನ್ನೇ ಕೊಂಡು ತನ್ನಿ. ಹಣ ಉಳಿಯುತ್ತದೆ ಎಂಬುದು ಲೆಕ್ಕಕ್ಕೆ ನಿಲ್ಲದ ಮಾತು: ಮೇವು, ಹಾಸು, ಡಬ್ಬಿ, ನೀರಿನ ಬಾಟಲಿ, ಜೊತೆಗೆ ನಿಮ್ಮ ದಿನನಿತ್ಯದ ದುಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಹಾವಿಗೆ ಬೇಡವಾದ ಜೀವಗಳನ್ನು ನೀವೇ ಹುಟ್ಟಿಸಿ ನೀವೇ ಕೊಲ್ಲಬೇಕಾಗುತ್ತದೆ. ಹತ್ತು ಹದಿನೈದು ಹಾವುಗಳನ್ನು ಇಟ್ಟುಕೊಂಡು ತಳಿ ಬೆಳೆಸುವವರ ಮಾತು ಬೇರೆ. ಹೆಪ್ಪುಗಟ್ಟಿಸಿದ ಇಲಿಯನ್ನು ಮೂಸಿಯೂ ನೋಡದ ಹಾವು ಕೆಲವರ ಬಳಿ ಇರುತ್ತದೆ. ಬಾಲ್ ಪೈಥಾನ್ ಈ ವಿಷಯದಲ್ಲಿ ಹೆಸರಾದದ್ದು, ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ. ಅಂಥವರು ಸಾಕಲಿ. ಆದರೆ ಸಾಕುವುದಾದರೆ ಒಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಾವಿಗೆ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಕೆಲಸ, ಇಲಿಗೆ ಪ್ರತಿದಿನವೂ ಕೆಲಸ. ನೀವು ನಿಜವಾಗಿ ಸಾಕುತ್ತಿರುವುದು ಇಲಿಯನ್ನು. ಅದು ಯಾರಿಗೋ ಆಹಾರವಾಗಲಿದೆ ಎಂದ ಮಾತ್ರಕ್ಕೆ ಬದುಕಿರುವಷ್ಟು ದಿನ ಅದಕ್ಕೆ ಸಲ್ಲಬೇಕಾದದ್ದು ಕಡಿಮೆಯಾಗುವುದಿಲ್ಲ.

ಮನೆಯಲ್ಲಿ ಇಲಿ ಸಾಕಿ ಮಾರುವ ಕಸುಬು ಅಮೆರಿಕಕ್ಕೆ ಹೊಸದಲ್ಲ. ಮ್ಯಾಸಚೂಸೆಟ್ಸ್‌ನ ಗ್ರ್ಯಾನ್‌ಬಿ ಎಂಬ ಊರಿನಲ್ಲಿ 1900ರ ಸುಮಾರಿಗೆ ಆಬಿ ಲಾಥ್ರಪ್ ಎಂಬ ಮಹಿಳೆ ಬಣ್ಣಬಣ್ಣದ ಇಲಿಗಳನ್ನು ಸಾಕಿ ಮಾರುತ್ತಿದ್ದರು. ಅದಕ್ಕೂ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಮುದ್ದಿಗಾಗಿ ಕೊಳ್ಳುವವರಿಗೆಂದು ಶುರುವಾದದ್ದು ಸ್ವಲ್ಪ ಕಾಲದಲ್ಲೇ ವಿಜ್ಞಾನಿಗಳ ಕೈ ಸೇರಿತು. ಯಾವ ಇಲಿಗೆ ಯಾವುದು ಹುಟ್ಟಿತು, ಯಾವುದಕ್ಕೆ ಗೆಡ್ಡೆ ಬಂತು ಎಂದು ಲಾಥ್ರಪ್ ಶಿಸ್ತಾಗಿ ಬರೆದಿಡುತ್ತಿದ್ದರು. ಅವರಲ್ಲಿಂದ ಹೋದ 57ನೆಯ ಸಂಖ್ಯೆಯ ಹೆಣ್ಣಿಲಿಯ ಸಂತತಿಯಿಂದ 1921ರಲ್ಲಿ ಒಂದು ತಳಿ ಬೇರೆಯಾಯಿತು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕಪ್ಪು ಇಲಿ ಅದೇ. 2002ರಲ್ಲಿ ಇಲಿಯ ಜೀನೋಮ್ ಓದಿದ್ದೂ ಅದರದ್ದೇ. ಇದನ್ನು ಹೇಳಿದ್ದು ಏಕೆಂದರೆ, ಇಲಿ ಸಾಕುವವರ ಕೈಯಲ್ಲಿ ಇರಬೇಕಾದ ಮೊದಲ ವಸ್ತು ಒಂದು ನೋಟ್‌ಬುಕ್. ಯಾವ ಹೆಣ್ಣು ಯಾವ ದಿನ ಈದಿತು, ಎಷ್ಟು ಮರಿ ಉಳಿದವು ಎಂಬುದನ್ನು ಬರೆಯದಿದ್ದರೆ ಎರಡು ತಿಂಗಳಲ್ಲಿ ಇಲಿಗಳ ಲೆಕ್ಕ ಕೈತಪ್ಪುತ್ತದೆ.

ಇಲಿಗಳನ್ನಿಡುವ ಡಬ್ಬಿಯಲ್ಲಿ ಹಾಸಲು ಆಸ್ಪೆನ್ ಮರದ ತೆಳು ಚಕ್ಕೆ ಒಳ್ಳೆಯದು. ಸೀಡರ್ ಬೇಡವೇ ಬೇಡ. ಅದರ ಎಣ್ಣೆಯ ಘಾಟು ನಮ್ಮ ಮೂಗಿಗೆ ಹಿತವಾದರೂ ಇಲಿಯ ಉಸಿರಿಗೆ, ಯಕೃತ್ತಿಗೆ ಕೆಟ್ಟದ್ದು, ಹಾವಿಗೂ ಕೆಟ್ಟದ್ದು. ಮೇವಿಗೆ ಪ್ರಯೋಗಾಲಯದ ಇಲಿಗಳಿಗೆಂದೇ ಮಾಡುವ ಗಟ್ಟಿ ಉಂಡೆಗಳು ಸಿಗುತ್ತವೆ. ಬರೀ ಸೂರ್ಯಕಾಂತಿ ಬೀಜ ಹಾಕಿದರೆ ಇಲಿ ಸಂತೋಷವಾಗಿ ತಿಂದು ಕೊಬ್ಬುತ್ತದೆ. ಆ ಕೊಬ್ಬೆಲ್ಲ ಕೊನೆಗೆ ಹಾವಿನ ಹೊಟ್ಟೆಗೇ ಹೋಗುತ್ತದೆ. ನೀರಿನ ಬಾಟಲಿಯನ್ನು ದಿನಕ್ಕೆರಡು ಬಾರಿ ಮುಟ್ಟಿ ನೋಡಿ. ನಳಿಕೆ ಕಟ್ಟಿಕೊಂಡರೆ ಇಲಿಗಳ ಜೀವಕ್ಕೇ ಅಪಾಯ. ಸೋರಿದರೆ ಒದ್ದೆ ಹಾಸಿನಲ್ಲಿ ಮರಿಗಳು ತಣ್ಣಗಾಗಿ ಸಾಯುತ್ತವೆ.

ವಾಸನೆಯ ವಿಷಯವನ್ನು ಯಾರೂ ಮುಚ್ಚಿಡಬಾರದು. ಗಂಡಿಲಿಯ ಮೂತ್ರದ ವಾಸನೆ ಗೋಡೆಗೂ ಬಟ್ಟೆಗೂ ಅಂಟುತ್ತದೆ. ಆದರೆ ಇಲಿಗಳ ಸಂಸಾರವೇ ನಡೆಯುವುದು ಆ ವಾಸನೆಯ ಮೇಲೆ. ಹೆಣ್ಣುಗಳನ್ನಷ್ಟೇ ಒಟ್ಟಿಗೆ ಕೂಡಿಟ್ಟರೆ ಬೆದೆ ಮಂಕಾಗುತ್ತದೆ. ಗಂಡಿನ ವಾಸನೆ ಮೂಗಿಗೆ ಬಿದ್ದದ್ದೇ ಮೂರನೆಯ ರಾತ್ರಿಯ ಹೊತ್ತಿಗೆ ಹೆಚ್ಚಿನವು ಒಟ್ಟಿಗೇ ಬೆದೆಗೆ ಬರುತ್ತವೆ. ಒಟ್ಟಿಗೆ ಈದ ತಾಯಂದಿರು ಒಂದೇ ಗೂಡಿನಲ್ಲಿ ಮಲಗಿ ಯಾರ ಮರಿ ಎಂದು ನೋಡದೆ ಹಾಲೂಡುತ್ತವೆ. ಇದರ ಇನ್ನೊಂದು ಮುಖವನ್ನು 1959ರಲ್ಲಿ ಹಿಲ್ಡಾ ಬ್ರೂಸ್ ಎಂಬ ಬ್ರಿಟಿಷ್ ವಿಜ್ಞಾನಿ ಕಂಡುಹಿಡಿದರು: ಆಗ ತಾನೇ ಗಬ್ಬ ಕಟ್ಟಿದ ಹೆಣ್ಣಿನ ಬಳಿ ಬೇರೆ ಗಂಡನ್ನು ತಂದಿಟ್ಟರೆ, ಅದರ ವಾಸನೆಯಿಂದಲೇ ಗಬ್ಬ ನಿಲ್ಲದೆ ಹೋಗುತ್ತದೆ. ‘ಮರಿಯೇ ಆಗುತ್ತಿಲ್ಲ’ ಎಂದು ವಾರ ವಾರವೂ ಗಂಡನ್ನು ಬದಲಾಯಿಸುವವರು ಇದನ್ನು ತಿಳಿದಿರಬೇಕು. ಡಬ್ಬಿ ತೊಳೆದಾಗ ಹಳೆಯ ಗೂಡಿನ ಒಂದು ಹಿಡಿಯನ್ನು ಹೊಸ ಹಾಸಿನಲ್ಲಿ ಬಿಡಬೇಕೆಂದು ಹೇಳುವುದೂ ಇದಕ್ಕೇ. ಎಲ್ಲ ಗುರುತೂ ಒಮ್ಮೆಗೇ ಅಳಿಸಿಹೋದರೆ ಇಲಿಗಳು ಗಾಬರಿಯಾಗುತ್ತವೆ. ಗಾಬರಿಯಾದ ತಾಯಿ ಮರಿಯನ್ನೇ ತಿಂದುಬಿಡುವುದುಂಟು. ಈದ ಮೊದಲ ಕೆಲವು ದಿನ ಗೂಡಿಗೆ ಕೈ ಹಾಕದಿರುವುದೇ ಕ್ಷೇಮ.

ಹುಟ್ಟಿದ ಮರಿಯ ತೂಕ ಒಂದರಿಂದ ಒಂದೂವರೆ ಗ್ರಾಂ. ಕಣ್ಣು ಮುಚ್ಚಿರುತ್ತದೆ, ಕಿವಿ ಅಂಟಿಕೊಂಡಿರುತ್ತದೆ. ಚರ್ಮ ಎಷ್ಟು ತೆಳುವೆಂದರೆ, ಕುಡಿದ ಹಾಲು ಎಡ ಪಕ್ಕೆಯ ಕೆಳಗೆ ಬಿಳಿ ಕಲೆಯಾಗಿ ಹೊರಗೇ ಕಾಣುತ್ತದೆ. ಆ ಬಿಳಿ ಕಲೆ ಕಂಡರೆ ತಾಯಿ ಚೆನ್ನಾಗಿದ್ದಾಳೆ ಎಂದು ತಿಳಿಯಬಹುದು. ಹಾವಿನವರು ಈ ವಯಸ್ಸಿನದನ್ನು ಪಿಂಕಿ ಎನ್ನುತ್ತಾರೆ. ವಾರದಲ್ಲಿ ತುಪ್ಪುಳು ಮೂಡಿದರೆ ಫಜ್ಜಿ. ಎರಡು ವಾರಕ್ಕೆ ಕಣ್ಣು ಬಿಟ್ಟು, ಮುಚ್ಚಳ ತೆಗೆದೊಡನೆ ಹುರಿದ ಜೋಳದಂತೆ ಸಿಡಿಯುವ ಹೊತ್ತಿಗೆ ಹಾಪರ್. ಮೂರು ವಾರಕ್ಕೆ ಹಾಲು ಬಿಡಿಸಿ, ಗಂಡು ಹೆಣ್ಣು ಬೇರೆ ಮಾಡಲೇಬೇಕು. ಹೆಣ್ಣಿಲಿ ಎಂಟು ಹತ್ತು ತಿಂಗಳು ಚೆನ್ನಾಗಿ ಈಯುತ್ತದೆ, ಅಲ್ಲಿಗೆ ನಿಲ್ಲಿಸಿ. ಅದನ್ನು ವಿಶ್ರಾಂತಿಗೆ ಬಿಡಿ. ಮಕ್ಕಳಿಗೆ ಹೆಸರಿಡಬೇಕೆನಿಸಿದರೆ ಆ ಮುದಿ ತಾಯಿಗೆ ಇಡಲಿ.

ನಮ್ಮ ಗಣಪನ ಹೊಟ್ಟೆಗೆ ಹಾವು ಸುತ್ತಿಕೊಂಡಿದೆ, ಕಾಲ ಬಳಿ ಇಲಿ ಕುಳಿತಿದೆ. ಎರಡನ್ನೂ ಕೈಮುಗಿದು ಬೆಳೆದ ನಮಗೆ, ಒಂದನ್ನು ಇನ್ನೊಂದಕ್ಕೆ ಕೊಡುವಾಗ ಕೈ ನಡುಗುವುದು ಸಹಜ. ಆ ಅಳುಕಿನಿಂದ ಕೆಲವರು ‘ಹಾವೇ ಕೊಂದುಕೊಳ್ಳಲಿ’ ಎಂದು ಜೀವಂತ ಇಲಿಯನ್ನು ಪೆಟ್ಟಿಗೆಗೆ ಬಿಡುತ್ತಾರೆ. ಇದು ದಯೆಯಲ್ಲ. ಓಡಲು ದಾರಿಯಿಲ್ಲದ ಇಲಿ ನರಳುತ್ತದೆ. ಹಸಿವಿಲ್ಲದ ಹಾವನ್ನು ಅದು ಬೆನ್ನಮೂಳೆ ಕಾಣುವವರೆಗೂ ಕಚ್ಚಿದ್ದನ್ನು ಪಶುವೈದ್ಯರು ನೋಡಿದ್ದಾರೆ. ಕೊಲ್ಲುವ ಕೆಲಸ ಸಾಕಿದವರದ್ದೇ. ಅದನ್ನು ನೋವಿಲ್ಲದಂತೆ ಮಾಡುವುದನ್ನು ತಿಳಿದವರಿಂದ, ಪಶುವೈದ್ಯರ ಎದುರಿನಲ್ಲೇ ಕಲಿಯಬೇಕು. ದೊಡ್ಡ ಇಲಿಗಳಿಗೆ ಸಿಲಿಂಡರಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ತುಂಬುವ ಕ್ರಮವಿದೆ. ಅಮೆರಿಕದ ಪಶುವೈದ್ಯರ ಸಂಘದ 2020ರ ಮಾರ್ಗಸೂಚಿಯ ಪ್ರಕಾರ ನಿಮಿಷಕ್ಕೆ ಪೆಟ್ಟಿಗೆಯ ಗಾತ್ರದ ಶೇಕಡಾ 30ರಿಂದ 70ರಷ್ಟು. ಪಿಂಕಿಗಳಿಗೆ ಇದು ಹೊಂದುವುದಿಲ್ಲ. ಗರ್ಭದಲ್ಲಿ ಕಡಿಮೆ ಆಮ್ಲಜನಕಕ್ಕೆ ಒಗ್ಗಿದ ಆ ಜೀವ ಅರ್ಧ ಗಂಟೆಗೂ ಮೀರಿ ಉಸಿರು ಹಿಡಿದಿರುತ್ತದೆ. ಜೀವಂತ ಪಿಂಕಿಗಳನ್ನು ಚೀಲಕ್ಕೆ ಹಾಕಿ ಫ್ರೀಜರ್‌ನಲ್ಲಿಡುವ ರೂಢಿ ಅನೇಕ ಮನೆಗಳಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಇದನ್ನು ಕಲಿಯಲಾಗದು ಎನಿಸಿದರೆ ಇಲಿ ಸಾಕುವ ಯೋಚನೆಯನ್ನೇ ಬಿಡಿ.

ಇನ್ನು ಮನೆಯವರ ಆರೋಗ್ಯ. ಇಲಿಗಳು ನೋಡಲು ಆರೋಗ್ಯವಾಗಿಯೇ ಇದ್ದು ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾವನ್ನು ಹೊತ್ತಿರಬಹುದು, ಮತ್ತು ಹೆಪ್ಪುಗಟ್ಟಿಸಿದರೆ ಅದು ಸಾಯುವುದಿಲ್ಲ. ಹಾವಿಗೆಂದು ಮಾರಿದ ಹೆಪ್ಪುಗಟ್ಟಿಸಿದ ಇಲಿಗಳಿಂದಲೇ 2009–10ರಲ್ಲಿ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಜನರಿಗೆ ಸೋಂಕು ತಗುಲಿತ್ತು. ಇಲಿಗಳಲ್ಲಿರುವ ಎಲ್‌ಸಿಎಂವಿ ಎಂಬ ವೈರಸ್ ಇನ್ನೊಂದು. 2012ರಲ್ಲಿ ಇಂಡಿಯಾನಾದ ಇಲಿ ಸಾಕಣೆ ಕೇಂದ್ರವೊಂದರ ಕೆಲಸಗಾರರಿಗೆ ಅದು ಹಬ್ಬಿ, ಕೆಲವರಿಗೆ ಮಿದುಳಿನ ಪೊರೆಯ ಉರಿಯೂತ ಕಾಣಿಸಿತು. ಗರ್ಭಿಣಿಯರಿಗೆ ಅದು ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿಗೆ ದೊಡ್ಡ ಅಪಾಯ. ಮನೆಯಲ್ಲಿ ಗರ್ಭಿಣಿ ಇದ್ದರೆ ಇಲಿ ಸಾಕುವುದನ್ನು ಮುಂದೂಡಿ. ಐದು ವರ್ಷದೊಳಗಿನ ಮಕ್ಕಳು ಇಲಿಯನ್ನೂ ಮುಟ್ಟಬಾರದು, ಹಾವನ್ನೂ ಮುಟ್ಟಬಾರದು. ಅಡುಗೆಮನೆಯ ಸಿಂಕ್‌ನಲ್ಲಿ ಇಲಿಯ ಡಬ್ಬಿ ತೊಳೆಯಬೇಡಿ. ಹೆಪ್ಪುಗಟ್ಟಿಸಿದ ಇಲಿಗಳಿಗೆ ಗ್ಯಾರೇಜಿನಲ್ಲಿ ಒಂದು ಸಣ್ಣ ಫ್ರೀಜರ್ ಇರಲಿ. ಊರಿನಿಂದ ಬಂದ ಅತ್ತೆ ಮಾವಂದಿರು ಹಸಿ ಬಟಾಣಿ ತೆಗೆಯಲು ಕೈ ಹಾಕಿದ ಕಡೆ ಅವು ಸಿಗಬಾರದು. ಹಿರಿಯರ ಮನಸ್ಸನ್ನು ನೋಯಿಸದಿರುವುದೂ ಒಂದು ಹೊಣೆ.

ಕೊನೆಯದಾಗಿ ಬಡಿಸುವ ಕ್ರಮ. ಹಾವಿನ ಮೈಯ ಅತಿ ದಪ್ಪನೆಯ ಭಾಗದಷ್ಟೇ ದಪ್ಪದ ಇಲಿಯನ್ನು ಆರಿಸಿ. ಚೀಲದಲ್ಲಿಟ್ಟು, ಮನೆಯವರ ಆಹಾರ ಇಡದ ಫ್ರಿಜ್‌ನಲ್ಲಿ ರಾತ್ರಿಯೆಲ್ಲ ಕರಗಲು ಬಿಡಿ. ಆಮೇಲೆ ಚೀಲದ ಸಮೇತ ಬಿಸಿನೀರಿನಲ್ಲಿಟ್ಟು ಮೈ ಬೆಚ್ಚಗೆ ಮಾಡಿ. ಮೈಕ್ರೊವೇವ್ ಬೇಡ, ಹೊರಗೆ ಬೆಂದು ಒಳಗೆ ಹಾಗೇ ಉಳಿಯುತ್ತದೆ. ಹೊಟ್ಟೆ ಒತ್ತಿ ನೋಡಿ. ನಡುವೆ ಗಟ್ಟಿಯಾಗಿದ್ದರೆ ಇನ್ನೂ ಕಾಯಿರಿ. ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಡಿ, ಬೆರಳಿನಲ್ಲಿ ಬೇಡ. ನುಂಗಿದ ಮೇಲೆ ಎರಡು ದಿನ ಹಾವನ್ನು ಎತ್ತಬಾರದು, ಎತ್ತಿದರೆ ಕಕ್ಕಿಬಿಡಬಹುದು. ಇಕ್ಕಳವನ್ನೂ ಕೈಗಳನ್ನೂ ಸೋಪಿನಲ್ಲಿ ತೊಳೆದು, ದಿನಾಂಕವನ್ನು ಅದೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ನಮಸ್ಕಾರ.