ಬೆಳಿಗ್ಗೆ ಫೋ, ಮಧ್ಯಾಹ್ನ ಬುನ್ ಚಾ: ಬ್ಯಾಗ್ ಹೊತ್ಕೊಂಡು ವಿಯೆಟ್ನಾಂ

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ.

ವಿಯೆಟ್ನಾಂ ಅಂದ ತಕ್ಷಣ ಹಾ ಲಾಂಗ್ ಬೇ, ಕೂ ಚಿ ಸುರಂಗ, ಬಾ ನಾ ಬೆಟ್ಟದ ಮೇಲೆ ಸೇತುವೆ ಹಿಡ್ಕೊಂಡಿರೋ ಆ ದೊಡ್ಡ ಕೈಗಳು ಅಂತ ಒಂದು ಲಿಸ್ಟ್ ಎಲ್ಲರ ತಲೇಲೂ ಓಡತ್ತೆ. ಆ ಲಿಸ್ಟ್ ನಿಮ್ಮ ಫೋನಲ್ಲೇ ಇದೆ, ಅದನ್ನ ಓದಿ ಹೇಳೋಕೆ ನಾನ್ಯಾಕೆ. ನಾನಿವತ್ತು ಒಂದೇ ಮಾತು ಹೇಳ್ತೀನಿ, ಉಳಿದಿದ್ದೆಲ್ಲ ಅದರ ಸುತ್ತಾನೇ: ಆ ದೇಶಾನ ಊಟದ ಲೆಕ್ಕದಲ್ಲಿ ಸುತ್ತಿ. ಯಾವ ಊರಲ್ಲಿ ಯಾವ ಹೊತ್ತಿಗೆ ಏನು ತಿನ್ನಬೇಕು ಅನ್ನೋದನ್ನ ಮೊದ್ಲು ಗಟ್ಟಿ ಮಾಡ್ಕೊಳ್ಳಿ, ನೋಡೋ ಜಾಗಗಳನ್ನ ಎರಡು ಊಟದ ಮಧ್ಯೆ ತುರುಕಿ.

ಯಾಕೆ ಅಂದ್ರೆ ಅಲ್ಲಿ ಒಂದು ಅಂಗಡಿ ಅಂದ್ರೆ ಒಂದೇ ತಿಂಡಿ. ನಮ್ಮಲ್ಲಿ ಹೋಟ್ಲಿಗೆ ಹೋಗಿ ಮೆನು ನೋಡಿ ದೋಸೆನಾ ಪೂರಿನಾ ಗೋಬಿ ಮಂಚೂರಿನಾ ಅಂತ ಯೋಚ್ನೆ ಮಾಡ್ತೀವಲ್ಲ, ಅಲ್ಲಿ ರಸ್ತೆ ಬದಿ ಅಂಗಡೀಲಿ ಆ ಪ್ರಶ್ನೇನೇ ಇಲ್ಲ, ಎಷ್ಟು ಬಟ್ಲು ಅಂತ ಬೆರಳಲ್ಲಿ ತೋರಿಸಿದ್ರೆ ಆಯ್ತು. ಆ ಒಂದು ಐಟಮ್ಮಿಗೂ ಒಂದು ಹೊತ್ತಿರತ್ತೆ, ಒಂದು ಊರಿರತ್ತೆ. ಹೊತ್ತು ತಪ್ಪಿದ್ರೆ ಅಂಗಡೀನೇ ಇರಲ್ಲ, ಬೆಳಿಗ್ಗೆ ಜನ ಕಿಕ್ಕಿರಿದಿದ್ದ ಜಾಗದಲ್ಲಿ ಹನ್ನೊಂದು ಗಂಟೆಗೆ ಬಂದ್ರೆ ಯಾರೋ ಸ್ಕೂಟರ್ ನಿಲ್ಸಿರ್ತಾರೆ.

ಹನೋಯ್‌ನಿಂದ ಶುರು ಮಾಡೋಣ. ಹಳೇ ಪೇಟೇಲಿ ಬೆಳಿಗ್ಗೆ ಆರಕ್ಕೆ ಎದ್ದು ಹೊರಗೆ ಬನ್ನಿ. ಫುಟ್‌ಪಾತ್ ಮೇಲೆ ಮೊಣಕಾಲುದ್ದಾನೂ ಇಲ್ಲದ ಪ್ಲಾಸ್ಟಿಕ್ ಸ್ಟೂಲುಗಳು, ಪಕ್ಕದಲ್ಲಿ ದೊಡ್ಡ ಕೊಳಗದಲ್ಲಿ ರಾತ್ರಿಯಿಡೀ ಕುದ್ದ ಮೂಳೆ ಸಾರು, ಅದರಲ್ಲಿ ಸುಟ್ಟ ಶುಂಠಿ, ಸುಟ್ಟ ಈರುಳ್ಳಿ, ಚಕ್ಕೆ, ಚಕ್ರಮೊಗ್ಗು. ಅಂಗಡಿಯಮ್ಮ ಒಂದು ಹಿಡಿ ಅಕ್ಕಿ ನೂಡಲ್ಸನ್ನ ಜರಡಿಗೆ ಹಾಕಿ ಬಿಸಿನೀರಲ್ಲಿ ಎರಡು ಸಲ ಅದ್ದಿ, ಕೊಡವಿ, ಬಟ್ಟಲಿಗೆ ಬಡಿದು, ಮೇಲೆ ಕಾಗದದ ಥರ ಹೆಚ್ಚಿದ ಹಸಿ ದನದ ಮಾಂಸ ಹರಡಿ, ಅದರ ಮೇಲೆ ಕುದಿಯೋ ಸಾರು ಹೊಯ್ತಾರೆ, ಆ ಕೆಂಪು ಮಾಂಸ ಬೂದಿ ಬಣ್ಣಕ್ಕೆ ತಿರುಗೋದು ನಿಮ್ಮ ಕಣ್ಣೆದುರೇ ಆಗತ್ತೆ, ಅಷ್ಟರಲ್ಲೇ ಅದು ಬೆಂದಿರತ್ತೆ. ಇದು ಫೋ. ದನ ಬೇಡ ಅನ್ನೋರಿಗೆ ಕೋಳಿದೂ ಇದೆ, ಫೋ ಗಾ ಅಂತ ಕೇಳಿ. ಉತ್ತರದಲ್ಲಿ ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ ಹಾಕಿದ ವಿನೆಗರ್, ಮೆಣಸಿನಕಾಯಿ ಇಷ್ಟೇ. ಅದೇ ದಕ್ಷಿಣದ ಸೈಗಾನ್‌ಗೆ, ಅಂದ್ರೆ ಈಗಿನ ಹೋ ಚಿ ಮಿನ್ ಸಿಟಿಗೆ ಹೋದ್ರೆ ಒಂದು ತಟ್ಟೆ ತುಂಬ ಸೊಪ್ಪು, ಮೊಳಕೆ, ಸಿಹಿ ಸಾಸು ಎಲ್ಲ ತಂದಿಡ್ತಾರೆ. ಯಾವುದು ಒರಿಜಿನಲ್ಲು ಅಂತ ಅವ್ರು ಜಗಳ ಆಡ್ತಾನೇ ಇರ್ತಾರೆ, ನನ್ ಓಟು ಹನೋಯ್‌ಗೆ, ಸಾರಿನ ರುಚಿ ಬಚ್ಚಿಟ್ಕೊಳ್ಳೋಕೆ ಅಲ್ಲಿ ಜಾಗ ಇಲ್ಲ. ಅಂದಹಾಗೆ ನಮ್ಮ ಪಲಾವಿಗೆ ಬೀಳೋ ಚಕ್ರಮೊಗ್ಗಿದ್ಯಲ್ಲ, ಅದು ಬಹಳಷ್ಟು ಬರೋದು ವಿಯೆಟ್ನಾಂನಿಂದ್ಲೇ, ಚೀನಾ ಗಡಿ ಹತ್ರ ಲಾಂಗ್ ಸೊನ್ ಕಡೆ ಬೆಳೀತಾರೆ.

ಫೋ ಮುಗೀತು, ಎಂಟು ಗಂಟೆ. ಈಗ ಊರು ನೋಡಿ. ಹೋ ಚಿ ಮಿನ್ ಸಮಾಧಿ ಬೆಳಿಗ್ಗೆ ಮಾತ್ರ ತೆಗ್ದಿರತ್ತೆ, ಸೋಮವಾರ ಶುಕ್ರವಾರ ರಜಾ, ತೋಳಿಲ್ಲದ ಬಟ್ಟೆ ಚಡ್ಡಿ ಹಾಕ್ಕೊಂಡು ಹೋದ್ರೆ ಬಿಡಲ್ಲ. ಅಲ್ಲಿಂದ ವಾನ್ ಮಿಯು, 1070ರಲ್ಲಿ ಕಟ್ಟಿಸಿದ ಕನ್ಫ್ಯೂಷಿಯಸ್ ಗುಡಿ, ಆರು ವರ್ಷ ಬಿಟ್ಟು ಅಲ್ಲೇ ದೇಶದ ಮೊದಲ ವಿದ್ಯಾಪೀಠ ಶುರುವಾಗಿದ್ದು. ಕಲ್ಲಾಮೆಗಳ ಬೆನ್ನ ಮೇಲೆ 82 ಶಾಸನ ನಿಲ್ಸಿದಾರೆ, ಪರೀಕ್ಷೆ ಪಾಸಾದೋರ ಹೆಸರು ಕೆತ್ತಿ. ರ‍್ಯಾಂಕ್ ಬಂದ ಮಕ್ಕಳ ಫೋಟೋ ಫ್ಲೆಕ್ಸಲ್ಲಿ ಹಾಕ್ಸೋ ನಮ್ಮ ಟ್ಯೂಷನ್ ಸೆಂಟರಿನವ್ರು ಒಂದ್ಸಲ ಹೋಗಿ ನೋಡ್ಬೇಕು. ಇನ್ನು ಹೋನ್ ಕಿಯೆಮ್ ಕೆರೆ ಸಾಯಂಕಾಲಕ್ಕೆ ಇಟ್ಕೊಳ್ಳಿ. ಆ ಕೆರೇಲಿದ್ದ ದೈತ್ಯ ಆಮೆ 2016ರ ಜನವರೀಲಿ ಸತ್ತೋಯ್ತು, ಈಗ ನ್ಗೊಕ್ ಸೊನ್ ಗುಡೀಲಿ ಗಾಜಿನೊಳಗೆ ಇಟ್ಟಿದಾರೆ.

ಮಧ್ಯಾಹ್ನ ಬುನ್ ಚಾ, ಹನೋಯ್‌ನ ಮಧ್ಯಾಹ್ನದ ಊಟ ಅಂದ್ರೆ ಅದೇ. ಹುಡುಕೋಕೆ ಮ್ಯಾಪ್ ಬೇಡ, ಹೊಗೆ ಬರೋ ಕಡೆ ನಡೀರಿ. ಇದ್ದಿಲ ಮೇಲೆ ಹಂದಿ ಮಾಂಸ ಸುಟ್ಟು, ಸಿಹಿ ಹುಳಿ ಉಪ್ಪು ಎಲ್ಲ ಇರೋ ಬೆಚ್ಚಗಿನ ರಸದಲ್ಲಿ ಮುಳುಗಿಸಿ ಕೊಡ್ತಾರೆ, ಜೊತೆಗೆ ತಣ್ಣನೆ ಅಕ್ಕಿ ನೂಡಲ್ಸು, ಒಂದು ಬುಟ್ಟಿ ಸೊಪ್ಪು. 2016ರ ಮೇನಲ್ಲಿ ಒಬಾಮ, ಟಿವೀಲಿ ಊಟದ ಶೋ ಮಾಡ್ತಿದ್ದ ಆಂಥನಿ ಬೋರ್ಡೇನ್ ಜೊತೆ ಕೂತು ಬುನ್ ಚಾ ತಿಂದ ಅಂಗಡೀಲಿ ಆ ಟೇಬಲ್ಲನ್ನ ಗಾಜಿನ ಪೆಟ್ಟಿಗೇಲಿ ಹಾಕಿಟ್ಟಿದಾರೆ. ನೋಡಿ ಬನ್ನಿ ಬೇಕಾದ್ರೆ, ಆದ್ರೆ ತಿನ್ನೋಕೆ ಎರಡು ಗಲ್ಲಿ ಆಚೆ ಲೋಕಲ್ ಜನ ಕೂತಿರೋ ಕಡೆ ಕೂತ್ಕೊಳ್ಳಿ ಅಂತ ನನ್ನ ಸಲಹೆ.

ಈಗ ಕೈ ಎತ್ತಬೇಡಿ, ಪ್ರಶ್ನೆ ಗೊತ್ತು, ನಾವು ವೆಜ್ಜು ಏನ್ ಮಾಡೋದು ಅಂತ. ನಮ್ಮೋರ ಜೊತೆ ವಿಯೆಟ್ನಾಂ ಮಾತು ಐದು ನಿಮಿಷ ಆದ್ರೆ ಇದು ಬಂದೇ ಬರತ್ತೆ. ಸಮಸ್ಯೆ ಇರೋದು ಮಾಂಸದ್ದಲ್ಲ, ಅದು ಕಣ್ಣಿಗೆ ಕಾಣತ್ತೆ, ತೆಗೆದಿಡಬಹುದು. ಕಾಣದೇ ಇರೋದು ನ್ಯುಕ್ ಮಾಮ್, ಮೀನಿನ ಸಾಸು. ಸಣ್ಣ ಬೂತಾಯಿ ಥರದ ಆಂಚೊವಿ ಮೀನು, ಉಪ್ಪು, ಎರಡನ್ನೂ ಪೀಪಾಯಿಗೆ ಹಾಕಿ ವರ್ಷಗಟ್ಲೆ ಬಿಟ್ರೆ ಇಳಿಯೋ ರಸ, ಫು ಕ್ವೋಕ್ ದ್ವೀಪದ್ದು ಫೇಮಸ್ಸು. ತೋಫು ಹುರಿದ್ರೂ ಅದು, ಸೊಪ್ಪು ಬಾಡಿಸಿದ್ರೂ ಅದು. ನೀವು ನೋ ಮೀಟ್ ಅಂದ್ರೆ ಅವ್ರು ಪ್ರೀತಿಯಿಂದ ಮಾಂಸ ತೆಗೆದು ಅದೇ ಸಾಸು ಹಾಕಿ ಕೊಡ್ತಾರೆ, ಮೋಸ ಏನಿಲ್ಲ ಅದರಲ್ಲಿ, ಅವರ ಲೆಕ್ಕದಲ್ಲಿ ಅದು ಉಪ್ಪಿದ್ದಂಗೆ. ಅದಕ್ಕೆ ನೋ ಮೀಟ್ ಅನ್ನೋದು ಬಿಟ್ಟು, ಆನ್ ಚಾಯ್ ಅನ್ನಿ, ಬೌದ್ಧರ ಸಸ್ಯಾಹಾರ ಅಂತ ತಕ್ಷಣ ಅರ್ಥ ಆಗತ್ತೆ. ಕೊಮ್ ಚಾಯ್ ಬೋರ್ಡ್ ಇರೋ ಅಂಗಡಿ ಎಲ್ಲ ಊರಲ್ಲೂ ಇದೆ, ಅನ್ನ, ನಾಲ್ಕೈದು ಥರ ಪಲ್ಯ, ತೋಫು, ಅಣಬೆ, ಬಾಳೆಹೂವು, ದುಡ್ಡೂ ಕಮ್ಮಿ. ಕಟ್ಟಾ ಇರೋರು ಗಮನಿಸಿ, ಬೌದ್ಧರ ಅಡುಗೇಲಿ ಎಷ್ಟೋ ಕಡೆ ಈರುಳ್ಳಿ ಬೆಳ್ಳುಳ್ಳೀನೂ ಹಾಕಲ್ಲ.

ಇನ್ನೊಂದು ಗುಟ್ಟು. ಚಾಂದ್ರಮಾನದ ಒಂದನೇ ದಿನ ಮತ್ತೆ ಹದಿನೈದನೇ ದಿನ, ಅಂದ್ರೆ ಸುಮಾರಾಗಿ ನಮ್ಮ ಅಮಾವಾಸ್ಯೆ ಹುಣ್ಣಿಮೆ, ಅಲ್ಲಿನ ಎಷ್ಟೋ ಜನ ಮಾಂಸ ತಿನ್ನಲ್ಲ, ಆವತ್ತು ಮಾಮೂಲಿ ಅಂಗಡಿಗಳೂ ಚಾಯ್ ಬೋರ್ಡ್ ನೇತಾಕ್ತವೆ. ದೇಶದ ಮಧ್ಯಭಾಗದಲ್ಲಿರೋ ಹೊಯ್ ಆನ್ ಅನ್ನೋ ಹಳೇ ಊರಲ್ಲಿ ಲೈಟ್ ಆರಿಸಿ ಬರೀ ಲಾಟೀನು ಹಚ್ಚೋ ಹಬ್ಬ ಹದಿನಾಲ್ಕನೇ ರಾತ್ರಿ. ಗೋಡೆ ಮೇಲಿರೋ ಕ್ಯಾಲೆಂಡರ್ ನೋಡಿ ಹುಣ್ಣಿಮೆ ಹಿಂದಿನ ದಿನ ಹೊಯ್ ಆನ್‌ನಲ್ಲಿ ಇರೋ ಹಂಗೆ ಟಿಕೆಟ್ ಮಾಡಿ, ರಾತ್ರಿ ದೀಪ ನೋಡಿ, ಮಾರನೇ ದಿನ ಊರೆಲ್ಲಾ ವೆಜ್ಜು. ಪಂಚಾಂಗ ನೋಡಿ ಫಾರಿನ್ ಟೂರ್ ಪ್ಲಾನ್ ಮಾಡೋದು ಅಂದ್ರೆ ಇದೇ.

ಕಾಫಿ ಬಗ್ಗೆ ಹೇಳದೇ ಇದ್ರೆ ಮಲೆನಾಡಿನವ್ರು ನನ್ನ ಬಿಡಲ್ಲ. ಬ್ರೆಜಿಲ್ ಬಿಟ್ರೆ ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯೋ ದೇಶ ವಿಯೆಟ್ನಾಂ, ರೊಬಸ್ಟಾದಲ್ಲಂತೂ ಅದೇ ನಂಬರ್ ಒನ್ನು. 1986ರಲ್ಲಿ ಆರ್ಥಿಕ ಸುಧಾರಣೆ ತಂದಾದ್ಮೇಲೆ ಡಾಕ್ ಲಾಕ್ ಕಡೆ ಬೆಟ್ಟಗಳಲ್ಲಿ ಬೆಳೆ ಒಂದೇ ಸಮ ಏರ್ತಾ ಹೋಯ್ತು. ಅಲ್ಲಿ ಬರ ಬಿದ್ರೆ ಕೊಡಗು, ಚಿಕ್ಕಮಗಳೂರಲ್ಲಿ ರೇಟ್ ಏರತ್ತೆ, 2024ರಲ್ಲಿ ರೊಬಸ್ಟಾಗೆ ದಾಖಲೆ ಬೆಲೆ ಬಂದಾಗ ಅದಕ್ಕೊಂದು ದೊಡ್ಡ ಕಾರಣ ಅಲ್ಲಿನ ಒಣಹವೆ. ಅಂದ್ರೆ ನಮ್ಮ ಬೆಳೆಗಾರರು ಅಲ್ಲಿಗೆ ಹೋಗದೇನೇ ಆ ದೇಶದ ಆಕಾಶ ನೋಡ್ತಾ ಇರ್ತಾರೆ.

ಕುಡಿಯೋ ರೀತಿ ಬೇರೆ. ನಮ್ಮ ಫಿಲ್ಟರಲ್ಲಿ ಮನೆಮಂದಿಗೆಲ್ಲ ಒಂದೇ ಸಲ ಡಿಕಾಕ್ಷನ್ ಇಳಿಸ್ತೀವಿ, ಅವರ ಫಿನ್ ಅನ್ನೋ ಫಿಲ್ಟರ್ ಒಬ್ಬೊಬ್ಬರ ಲೋಟದ ಮೇಲೂ ಒಂದೊಂದು. ಲೋಟದ ತಳದಲ್ಲಿ ಎರಡು ಬೆರಳು ಕಂಡೆನ್ಸ್ಡ್ ಮಿಲ್ಕ್, ಮೇಲೆ ಫಿನ್ನು, ಅದರಲ್ಲಿ ಕಪ್ಪಗೆ ಹುರಿದ ಪುಡಿ, ಬಿಸಿನೀರು ಹಾಕಿ ಮುಚ್ಚಳ ಇಟ್ಟು ಹೋಗ್ತಾರೆ. ತೊಟ್ಟು ತೊಟ್ಟು ಇಳಿಯತ್ತೆ, ಬೈದ್ರೂ ಬೇಗ ಇಳಿಯಲ್ಲ, ಬಿಳಿ ಮೇಲೆ ಕಪ್ಪು ಪದರ ನಿಂತ್ಮೇಲೆ ಕಲಕಿ ಐಸ್ ತುಂಬಿದ ಇನ್ನೊಂದು ಲೋಟಕ್ಕೆ ಸುರ್ಕೊಳ್ಳಿ, ಅದೇ ಕಾಫೆ ಸುವಾ ದಾ ಅನ್ನೋ ಐಸ್ ಕಾಫಿ. ಹನೋಯ್ ಕಡೆ ಕಾಫೆ ನಾವು ದಾ ಅನ್ನಿ. ಹಸಿ ಹಾಲು ಸಿಗ್ತಿರ್ಲಿಲ್ಲ, ಅದಕ್ಕೇ ಡಬ್ಬಿ ಹಾಲು ರೂಢಿಯಾಗಿದ್ದು. ಹಾಲಿನ ಕೊರತೆಯಿಂದ್ಲೇ 1946ರಲ್ಲಿ ಹನೋಯ್‌ನ ಮೆಟ್ರೊಪೋಲ್ ಹೋಟ್ಲಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಮೊಟ್ಟೆ ಹಳದಿ ಕಡೆದು ಕಾಫಿ ಮೇಲೆ ಹಾಕಿದ್ದು, ಅವ್ರು ಆಮೇಲೆ ತೆಗೆದ ಕೆಫೆ ಈಗ್ಲೂ ನಡೀತಿದೆ. ಕೇಳೋಕೆ ವಾಕರಿಕೆ ಅನ್ಸಬಹುದು, ಕುಡಿದ್ರೆ ಸ್ವೀಟ್ ತಿಂದಂಗೆ. ಹಳೇ ರಾಜಧಾನಿ ಹ್ವೇಯಲ್ಲಿ ಉಪ್ಪು ಕಾಫಿ ಸಿಗತ್ತೆ, ಅದೂ ಚೆನ್ನಾಗೇ ಇದೆ, ನಗಬೇಡಿ.

ಹನೋಯ್ ಸುತ್ತಮುತ್ತ ಬೇಗ ಹೇಳ್ಬಿಡ್ತೀನಿ. ಹಾ ಲಾಂಗ್‌ಗೆ ಒಂದೇ ದಿನದ ಟೂರ್ ಹೋಗೋದು ದಂಡ, ಬಸ್ಸಲ್ಲೇ ದಿನ ಹೋಗತ್ತೆ, ಕಾತ್ ಬಾ ದ್ವೀಪದಲ್ಲಿ ಉಳ್ಕೊಂಡು ಪಕ್ಕದ ಲಾನ್ ಹಾ ಕೊಲ್ಲಿ ನೋಡಿ, ಅದೇ ಸುಣ್ಣದಕಲ್ಲಿನ ಬೆಟ್ಟಗಳು, ದೋಣಿ ಸಂತೆ ಕಮ್ಮಿ. ನಿನ್ ಬಿನ್ ಬಿಡಬೇಡಿ, ತಾಮ್ ಕೋಕ್‌ನಲ್ಲಿ ಹೆಂಗಸ್ರು ಒರಗಿ ಕೂತು ಕಾಲಲ್ಲೇ ಹುಟ್ಟು ಹಾಕ್ತಾರೆ, ಕೈಗೆ ರೆಸ್ಟು. ಅಲ್ಲಿಂದ ಕೆಳಗೆ ಸ್ಲೀಪರ್ ಬಸ್ಸು, ಮೂರು ಸಾಲು, ಎರಡಂತಸ್ತು, ಹತ್ತೋವಾಗ್ಲೇ ಚಪ್ಪಲಿ ಬಿಚ್ಚಿ ಕವರಿಗೆ ಹಾಕ್ಕೋಬೇಕು. ಆರಡಿ ಇರೋರು ಕಾಲು ಎಲ್ಲಿಡ್ಬೇಕು ಅಂತ ಮೊದಲೇ ಯೋಚ್ನೆ ಮಾಡಿ. ನನ್ನ ಕೇಳಿದ್ರೆ ರೈಲು. ಹನೋಯ್–ಸೈಗಾನ್ 1726 ಕಿಲೋಮೀಟರ್ ಹಳಿ, ಪೂರ್ತಿ ಒಂದೇ ಏಟಿಗೆ ಹೋಗೋದೇನೂ ಬೇಡ, ಹ್ವೇಯಿಂದ ಡ ನಾಂಗ್‌ವರೆಗಿನ ತುಂಡು ಮಾತ್ರ ಹಗಲಲ್ಲಿ ಹೋಗಿ, ಹಾಯ್ ವಾನ್ ಘಾಟಲ್ಲಿ ಸಮುದ್ರದ ಕಡೆ ಕಿಟಕಿ, ಹೋಗೋವಾಗ ಎಡಗಡೆ.

ಹ್ವೇ 1802ರಿಂದ 1945ರವರೆಗೆ ನ್ಗುಯೆನ್ ದೊರೆಗಳ ರಾಜಧಾನಿ. ಕೋಟೆ ದೊಡ್ಡದು, ಆದ್ರೆ 1968ರಲ್ಲಿ ಟೆಟ್, ಅಂದ್ರೆ ಅವರ ಹೊಸ ವರ್ಷದ ಹೊತ್ತಲ್ಲಿ ಅಮೆರಿಕ ಯುದ್ಧದ ಕಾಳಗ ನಡೆದಾಗ ಒಳಗಿದ್ದ ಕಟ್ಟಡಗಳು ಬಹಳ ಹಾಳಾದವು, ಈಗ್ಲೂ ಕಟ್ತಾ ಇದಾರೆ. ಅಲ್ಲಿ ಬುನ್ ಬೋ ಹ್ವೇ, ನಿಂಬೆಹುಲ್ಲು ಹಾಕಿದ ಖಾರದ ಸಾರು, ವಿಯೆಟ್ನಾಂ ಊಟ ಸಪ್ಪೆ ಅನ್ನೋರು ಇದನ್ನ ತಿಂದು ಆಮೇಲೆ ಮಾತಾಡ್ಲಿ. ತಿಯೆನ್ ಮು ಪಗೋಡದ ಹಿಂದೆ ಒಂದು ಹಳೇ ನೀಲಿ ಆಸ್ಟಿನ್ ಕಾರಿದೆ, 1963ರ ಜೂನಲ್ಲಿ ತಿಕ್ ಕ್ವಾಂಗ್ ಡುಕ್ ಅನ್ನೋ ಭಿಕ್ಷು ಆ ಕಾರಲ್ಲೇ ಸೈಗಾನ್‌ನ ವೃತ್ತಕ್ಕೆ ಹೋಗಿ, ಸರ್ಕಾರ ಬೌದ್ಧರಿಗೆ ಕೊಡ್ತಿದ್ದ ಹಿಂಸೆ ವಿರುದ್ಧ ಮೈಗೆ ಬೆಂಕಿ ಹಚ್ಕೊಂಡಿದ್ದು. ಊರ ತುಂಬ ಮಠಗಳಿರೋದ್ರಿಂದ ಚಾಯ್ ಊಟಕ್ಕೂ ಹ್ವೇನೇ ವಾಸಿ.

ಹೊಯ್ ಆನ್‌ಗೆ ಬಂದ್ರೆ ಕಾವ್ ಲಾವ್. ಊರಿಗೊಂದು ತಿಂಡಿ ಅಂದ್ನಲ್ಲ, ಅದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ದಪ್ಪ, ಸ್ವಲ್ಪ ಕಂದು ಬಣ್ಣದ ನೂಡಲ್ಸು, ಅಕ್ಕಿನ ಕಟ್ಟಿಗೆ ಬೂದಿಯ ತಿಳಿನೀರಲ್ಲಿ ನೆನೆಸಿ ಮಾಡ್ತಾರೆ, ಅದರಿಂದ್ಲೇ ಅಗಿಯೋವಾಗ ಆ ಬಿಗಿ. ನೀರು ಬಾ ಲೆ ಅನ್ನೋ ಹಳೇ ಬಾವೀದೇ ಆಗಬೇಕು ಅಂತ ಅವರ ವಾದ, ಆ ಬಾವಿ ಒಂದು ಗಲ್ಲಿ ಒಳಗಿದೆ, ಹೋಗಿ ಇಣುಕಬಹುದು. ಸಾರು ತಳದಲ್ಲಿ ನಾಲ್ಕು ಚಮಚ ಅಷ್ಟೇ, ಮೇಲೆ ಹಂದಿ ಮಾಂಸ, ಗರಿಗರಿ ತುಂಡುಗಳು, ತ್ರಾ ಕ್ವೆ ತೋಟದ ಸೊಪ್ಪು. ತೋಫು ಹಾಕಿದ ಚಾಯ್ ಕಾವ್ ಲಾವ್ ಕೂಡ ಸಿಗತ್ತೆ. ತಿಂದು ಜಪಾನಿ ಸೇತುವೆ ಕಡೆ ನಡೀರಿ, ಜೇಬಲ್ಲಿರೋ 20,000 ಡಾಂಗ್ ನೋಟಿನ ಹಿಂದೆ ಇರೋದು ಅದೇ ಸೇತುವೆ.

ಅಲ್ಲಿಂದ ಮಿ ಸೊನ್, ಸುಮಾರು 40 ಕಿಲೋಮೀಟರ್. ಕನ್ನಡದೋರು ಇದನ್ನ ಬಿಟ್ಟು ಬಂದೆ ಅಂದ್ರೆ ನಂಗೆ ಹೊಟ್ಟೆ ಉರಿಯತ್ತೆ. ಕಾಡಿನ ಮಧ್ಯೆ ಇಟ್ಟಿಗೆ ಶಿವಾಲಯಗಳು, ಚಂಪಾ ರಾಜ್ಯದ್ದು. ನಾಲ್ಕನೇ ಶತಮಾನದ ಕೊನೇಲಿ ಭದ್ರವರ್ಮ ಅನ್ನೋ ದೊರೆ ಭದ್ರೇಶ್ವರನಿಗೆ ಗುಡಿ ಕಟ್ಟಿಸಿ ಸಂಸ್ಕೃತದಲ್ಲಿ ಶಾಸನ ಹಾಕ್ಸಿದ. ನಮ್ಮಲ್ಲಿ ಆಗಿನ್ನೂ ಬನವಾಸಿ ಕದಂಬರ ಕಾಲ. ಇಟ್ಟಿಗೆ ಮಧ್ಯೆ ಗಾರೆ ಕಾಣಲ್ಲ, ಬೆರಳಿಟ್ಟು ಸವರಿದ್ರೂ ಸಂದಿ ಸಿಗಲ್ಲ. 1969ರ ಆಗಸ್ಟಲ್ಲಿ ಅಮೆರಿಕದ ಬಾಂಬಿಗೆ ಅಲ್ಲಿನ ಅತಿ ಎತ್ತರದ ಗೋಪುರ ನೆಲಕ್ಕೆ ಬಿತ್ತು, ಬಾಂಬ್ ಬಿದ್ದ ಗುಂಡಿಗಳು ಇವತ್ತಿಗೂ ಹುಲ್ಲಿನ ಮಧ್ಯೆ ಹಂಗೇ ಇವೆ. ನಮ್ಮ ಪುರಾತತ್ವ ಇಲಾಖೆ, ಎಎಸ್‌ಐನೋರು ಅಲ್ಲಿ ರಿಪೇರಿ ಮಾಡೋವಾಗ 2020ರಲ್ಲಿ ಒಂಬತ್ತನೇ ಶತಮಾನದ ಮರಳುಗಲ್ಲಿನ ಏಕಶಿಲೆ ಲಿಂಗ ಸಿಕ್ತು. ಬೆಳಿಗ್ಗೆ ಗೇಟ್ ತೆಗೆಯೋ ಹೊತ್ತಿಗೆ ಇರಿ, ಹತ್ತು ಗಂಟೆ ಮೇಲೆ ಬಿಸಿಲಿಗೂ ಟೂರ್ ಬಸ್ಸಿಗೂ ತಡ್ಕೊಳ್ಳಕ್ಕಾಗಲ್ಲ.

ಆ ಚಂಪಾ ರಾಜ್ಯದ ಚಾಮ್ ಜನ ಮಾಯ ಆಗಿಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಇನ್ನೂ ದಕ್ಷಿಣಕ್ಕೆ ಫಾನ್ ರಾಂಗ್ ಅಂತ ಊರು, ಬ್ಯಾಗ್ ಹೊತ್ತೋರು ಯಾರೂ ಇಳಿಯಲ್ಲ ಅಲ್ಲಿ, ಪೋ ಕ್ಲಾಂಗ್ ಗರಾಯ್ ಗೋಪುರದಲ್ಲಿ ಮುಖಲಿಂಗಕ್ಕೆ ಈಗ್ಲೂ ಪೂಜೆ ನಡಿಯತ್ತೆ, ಅಕ್ಟೋಬರ್ ಹೊತ್ತಿಗೆ ಕಾಟೆ ಹಬ್ಬ. ಅವರಲ್ಲಿ ಹಿಂದೂ ಚಾಮರು ದನ ತಿನ್ನಲ್ಲ, ಬಾನಿ ಮುಸ್ಲಿಂ ಚಾಮರು ಹಂದಿ ತಿನ್ನಲ್ಲ. ಫೋ ಬಟ್ಲಿಂದ ಶುರು ಮಾಡಿದ ದೇಶದಲ್ಲಿ ಅಂಥದ್ದೂ ಒಂದು ಊರಿದೆ ನೋಡಿ.

ಸೈಗಾನ್ ಎರಡು ಮಾತಲ್ಲಿ. ಯುದ್ಧದ ಮ್ಯೂಸಿಯಂ ನೋಡಲೇಬೇಕು, ಆದ್ರೆ ಊಟ ಮುಗಿಸ್ಕೊಂಡು ಹೋಗಿ, ಏಜೆಂಟ್ ಆರೆಂಜ್, ಅಂದ್ರೆ ಯುದ್ಧದಲ್ಲಿ ಅಮೆರಿಕ ಕಾಡಿನ ಮೇಲೆ ಸಿಂಪಡಿಸಿದ ವಿಷ, ಅದರ ಫೋಟೋಗಳಿರೋ ಕೋಣೆಯಿಂದ ಹೊರಗೆ ಬಂದ್ಮೇಲೆ ಏನೂ ಸೇರಲ್ಲ. ಬೆಳಿಗ್ಗೆ ಕೊಮ್ ತಾಮ್, ನುಚ್ಚಕ್ಕಿ ಅನ್ನ, ಬಡವರ ಊಟ ಆಗಿದ್ದು ಈಗ ಊರಿನ ಹೆಮ್ಮೆ. ಬೆನ್ ತಾನ್ ಮಾರ್ಕೆಟ್ ಹತ್ರ ತಮಿಳರು ಕಟ್ಟಿಸಿದ ಮಾರಿಯಮ್ಮನ್ ಗುಡಿ ಇದೆ, ಅಲ್ಲಿ ಊದುಬತ್ತಿ ಹಿಡ್ಕೊಂಡು ನಿಂತಿರೋರು ಹೆಚ್ಚಾಗಿ ವಿಯೆಟ್ನಾಮಿನೋರೇ.

ದುಡ್ಡಿನ ವಿಷ್ಯ. ಒಂದು ರೂಪಾಯಿಗೆ ಹೆಚ್ಚೂಕಮ್ಮಿ 300 ಡಾಂಗ್ ಇಟ್ಕೊಳ್ಳಿ, ರೇಟ್ ಆಡ್ತಾ ಇರತ್ತೆ. 20,000 ನೋಟೂ 500,000 ನೋಟೂ ಎರಡೂ ನೀಲಿ ಛಾಯೆ, ರಾತ್ರಿ ಹೊತ್ತು ಕೊಡೋವಾಗ ಸೊನ್ನೆ ಎಣಿಸಿ ಕೊಡಿ. ಇ-ವೀಸಾ 90 ದಿನದವರೆಗೆ ಕೊಡ್ತಾರೆ, ಸಿಂಗಲ್ ಎಂಟ್ರಿಗೆ 25 ಡಾಲರ್, ಸರ್ಕಾರದ ಸೈಟಲ್ಲೇ ಹಾಕಿ, ನೋಡೋಕೆ ಅದೇ ಥರ ಇರೋ ಏಜೆಂಟ್ ಸೈಟುಗಳು ಸಾಕಷ್ಟಿವೆ. ರಸ್ತೆ ದಾಟೋವಾಗ ಓಡಬೇಡಿ, ನಿಲ್ಲಬೇಡಿ, ಹಿಂದೆ ಹೆಜ್ಜೆ ಇಡಬೇಡಿ, ಒಂದೇ ಸ್ಪೀಡಲ್ಲಿ ನಡೀತಾ ಹೋಗಿ, ಸ್ಕೂಟರಿನವ್ರು ನಿಮ್ಮನ್ನ ಸುತ್ಕೊಂಡು ಹೋಗ್ತಾರೆ. ಬೆಂಗಳೂರಲ್ಲಿ ಅಭ್ಯಾಸ ಇದ್ದೋರು ಸ್ವಲ್ಪ ಮರೀಬೇಕಾಗತ್ತೆ ಅಷ್ಟೇ.

ಉತ್ತರದ ತುದೀಲಿ ಬೆಟ್ಟದ ರಸ್ತೆ ಸುತ್ತಿ ಬರೋ ಹಾ ಜಾಂಗ್ ಬೈಕ್ ಲೂಪ್ ಬಗ್ಗೆ ಕೇಳ್ಬೇಕು ಅಂತ ಮುಂದಿನ ಸಾಲಿನ ಹುಡುಗ್ರು ಆಗಿಂದ ಒದ್ದಾಡ್ತಿದಾರೆ. ಲೋಕಲ್ ಡ್ರೈವರ್ ಹಿಂದೆ ಕೂತು ಹೋಗಿ, ಮಾ ಪಿ ಲೆಂಗ್ ಘಾಟಲ್ಲಿ ಕಣ್ಣು ರಸ್ತೆ ಮೇಲಿಡೋಕೆ ಮನಸ್ಸೇ ಬರಲ್ಲ. ಉಳಿದಿದ್ದು ನೀವೇ ಕೇಳಿ, ಮೈಕ್ ಆ ಕಡೆ ಕೊಡಿ.