ಅಂಟು ಹಚ್ಚುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಇನ್‌ಲ್ಯಾಂಡ್ ಲೆಟರ್ ನೆನಪಿದೆಯಾ? ತೆಳು ನೀಲಿ ಹಾಳೆ. ಬರೆದು, ಮಡಚಿ, ಅಂಚಿಗೆ ನಾಲಿಗೆ ತಾಗಿಸಿ ಒತ್ತುತ್ತಿದ್ದೆವು. ಅಂಟು ಒಣಗಿ ಹೋಗಿದ್ದರೆ ಎರಡು ಅಗುಳು ಅನ್ನ ಸಾಕಿತ್ತು. ಒಮ್ಮೆ ಅಂಟಿದ ಮೇಲೆ ಅದು ಬರೆದವರದು ಮತ್ತು ಬಿಡಿಸಿ ಓದುವವರದು, ಅಷ್ಟೇ.

ಈಗ ವಾಟ್ಸಾಪ್‌ನಲ್ಲಿ, ಅಂಥದ್ದೇ ಇನ್ನೊಂದು ಆ್ಯಪ್ ಆದ ಸಿಗ್ನಲ್‌ನಲ್ಲಿ ಆ ಅಂಟಿನ ಕೆಲಸ ಮಾಡುವುದು ಎನ್‌ಕ್ರಿಪ್ಶನ್. ಮೆಸೇಜಿಗೆ ನಿಮ್ಮ ಫೋನಿನಲ್ಲಿ ಬೀಗ ಬೀಳುತ್ತದೆ, ಎದುರಿನವರ ಫೋನಿನಲ್ಲಿ ತೆರೆಯುತ್ತದೆ. ನಡುವೆ ಆ ಕಂಪನಿಗೂ ಓದಲು ಆಗುವುದಿಲ್ಲ.

2022ರ ಮೇ ತಿಂಗಳಲ್ಲಿ ಯುರೋಪಿಯನ್ ಯೂನಿಯನ್ನಿಗೆ ಕಾನೂನುಗಳ ಪ್ರಸ್ತಾವ ಮಾಡುವ ಯುರೋಪಿಯನ್ ಕಮಿಷನ್ ಒಂದು ಕಾನೂನಿನ ಕರಡು ಮುಂದಿಟ್ಟಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳು ಹರಡುವುದನ್ನು ತಡೆಯಬೇಕು ಎನ್ನುವುದು ಉದ್ದೇಶ. ಬೇಡ ಅನ್ನುವವರು ಯಾರು? ಜಗಳ ಇದ್ದದ್ದು ದಾರಿಯ ಬಗ್ಗೆ. ಆದೇಶ ಬಂದರೆ ಕಂಪನಿಗಳು ಜನರ ಮೆಸೇಜುಗಳನ್ನು ಜಾಲಾಡಲೇಬೇಕು ಎಂದಿತ್ತು ಕರಡು. ವಿರೋಧಿಗಳು ಅದಕ್ಕೆ 'ಚಾಟ್ ಕಂಟ್ರೋಲ್' ಎಂದು ಅಡ್ಡಹೆಸರಿಟ್ಟರು. ಆ ಹೆಸರೇ ನಿಂತುಬಿಟ್ಟಿತು.

ಬೀಗ ಇರುವಾಗ ಜಾಲಾಡುವುದು ಹೇಗೆ? ಫೋನಿನೊಳಗೇ, ಬೀಗ ಬೀಳುವ ಮುಂಚೆ. ಬೀಗ ಒಡೆಯುವುದಿಲ್ಲವಲ್ಲ ಎಂದು ಇದಕ್ಕೆ ಸಮಾಧಾನ ಹೇಳುತ್ತಾರೆ. ನಿಜ, ಒಡೆಯುವುದಿಲ್ಲ. ನೀವು ಕಾಗದ ಬರೆಯುವಾಗಲೇ ಹೆಗಲ ಹಿಂದೆ ನಿಂತು ಓದಿದವನಿಗೆ ಲಕೋಟೆ ಹರಿಯುವ ಕೆಲಸ ಯಾಕೆ ಬೇಕು, ಅಲ್ವಾ?

ತಪ್ಪು ಮಾಡದವನಿಗೆ ಭಯ ಏಕೆ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ನಡೆದ ಒಂದು ಸಂಗತಿ ಕೇಳಿ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಅಪ್ಪ ತನ್ನ ಪುಟ್ಟ ಮಗನ ಗುಪ್ತಾಂಗದ ಬಾವಿನ ಫೋಟೋ ತೆಗೆದ. ಕೊರೋನಾ ಕಾಲ. ಆಸ್ಪತ್ರೆಯ ನರ್ಸೇ ಫೋಟೋ ಕಳಿಸಿ ಎಂದಿದ್ದಳು. ಡಾಕ್ಟರು ನೋಡಿ ಔಷಧಿ ಬರೆದರು, ಮಗು ಗುಣವಾಯಿತು. ಆದರೆ ಗೂಗಲ್‌ನ ಯಂತ್ರಕ್ಕೆ ಆ ಫೋಟೋ ಅಪರಾಧವಾಗಿ ಕಂಡಿತು. ಎರಡು ದಿನದಲ್ಲಿ ಅವನ ಖಾತೆ ಬಂದ್. ಮೇಲ್, ಮಗುವಿನ ಮೊದಲ ವರ್ಷಗಳ ಫೋಟೋಗಳು, ಫೋನ್ ನಂಬರ್ ಕೂಡ ಹೋಯಿತು. ಪೊಲೀಸರು ತನಿಖೆ ಮಾಡಿ ಅಪರಾಧವೇ ಇಲ್ಲ ಎಂದರು. ಅದಕ್ಕೂ ಮುಂಚೆ ಅವನನ್ನು ಮಾತಾಡಿಸಲು ನೋಡಿದ್ದರಂತೆ. ಫೋನೂ ಸತ್ತಿತ್ತು, ಮೇಲೂ ಸತ್ತಿತ್ತು! ಇಷ್ಟಾದರೂ ಗೂಗಲ್ ಖಾತೆ ವಾಪಸ್ ಕೊಡಲಿಲ್ಲ.

ಯುರೋಪಿಗೆ ಮರಳೋಣ. 2023ರ ನವೆಂಬರಿನಲ್ಲೇ ಅಲ್ಲಿನ ಪಾರ್ಲಿಮೆಂಟು ಬೀಗ ಹಾಕಿದ ಮೆಸೇಜುಗಳನ್ನು ಮುಟ್ಟಬೇಡಿ ಎಂದಿತ್ತು. ಸದಸ್ಯ ದೇಶಗಳ ಸರ್ಕಾರಗಳು ಮಾತ್ರ ವರ್ಷಗಟ್ಟಲೆ ಎಳೆದಾಡಿದವು. 2025ರ ಅಕ್ಟೋಬರಿನಲ್ಲಿ ಡೆನ್ಮಾರ್ಕ್ ಇನ್ನೊಂದು ಪ್ರಯತ್ನ ಮಾಡಿದಾಗ ಅಡ್ಡ ನಿಂತದ್ದು ಜರ್ಮನಿ. ನನಗೇನೂ ಆಶ್ಚರ್ಯವಾಗಲಿಲ್ಲ. ಪೂರ್ವ ಜರ್ಮನಿಯ ಗುಪ್ತ ಪೊಲೀಸರು, ಅಂದರೆ ಸ್ಟಾಸಿಯವರು, ಜನರ ಕಾಗದಗಳನ್ನು ಹಬೆಗೆ ಹಿಡಿದು ಬಿಡಿಸಿ, ಓದಿ, ಮತ್ತೆ ಅಂಟಿಸಿ ಕಳಿಸುತ್ತಿದ್ದರು. ಆ ಕಾಗದಗಳನ್ನು ಬರೆದವರು ಇನ್ನೂ ಬದುಕಿದ್ದಾರೆ. ಯಾವ ಅನುಮಾನವೂ ಇಲ್ಲದೆ ಸುಮ್ನೆ ಎಲ್ಲರ ಚಾಟ್ ಜಾಲಾಡುವುದು ನಡೆಯದ ಮಾತು ಎಂದರು ಜರ್ಮನಿಯ ನ್ಯಾಯ ಸಚಿವೆ ಸ್ಟೆಫನಿ ಹೂಬಿಗ್. ಮತದಾನ ಕೈಬಿಟ್ಟರು.

ಅದೇ 2025ರ ನವೆಂಬರಿನಲ್ಲಿ ಸರ್ಕಾರಗಳು ಒಪ್ಪಿದ ಕರಡಿನಲ್ಲಿ ಕಡ್ಡಾಯ ಎಂಬ ಮಾತಿಲ್ಲ. ಕಂಪನಿಗಳು ತಾವಾಗಿ ಹುಡುಕುವುದಾದರೆ ಹುಡುಕಬಹುದು, ಅಷ್ಟೇ. ಕೇಳಲು ನೆಮ್ಮದಿ. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಆ ಅಪ್ಪನ ಫೋಟೋವನ್ನು ಹುಡುಕು ಎಂದು ಗೂಗಲ್‌ಗೆ ಯಾವ ಕಾನೂನೂ ಹೇಳಿರಲಿಲ್ಲ. ಅದು ತಾನಾಗಿಯೇ ಹುಡುಕಿತ್ತು.

ನಮಸ್ಕಾರ.