ಎರಡನೇ ಟ್ಯೂಬು

ನಮಸ್ಕಾರ ಕೇಳುಗರೇ.

1802ರ ಜೂನ್ 14. ಬಾಂಬೆಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಸಿಡುಬಿನ ಲಸಿಕೆ ಹಾಕಿದರು. ನಮ್ಮ ಹಿರಿಯರ ಮಾತಲ್ಲಿ ಹೇಳುವುದಾದರೆ, ಮೈಲಿ ಹಾಕಿದರು. ನಮ್ಮ ದೇಶದಲ್ಲಿ ಆ ಲಸಿಕೆ ಹತ್ತಿದ ಮೊದಲ ತೋಳು ಅದು. ಕೆಲವೇ ದಿನಕ್ಕೆ ಅಲ್ಲೊಂದು ಗುಳ್ಳೆ ಎದ್ದಿತು. ಅದನ್ನು ಚುಚ್ಚಿ, ಒಸರಿದ ನೀರನ್ನು ಬೇರೆ ಮಕ್ಕಳ ತೋಳಿಗೆ ದಾಟಿಸಿದರು. ಅವರಿಂದ ಮತ್ತಷ್ಟು ಮಕ್ಕಳಿಗೆ. ಫ್ರಿಜ್ ಇಲ್ಲದ ಕಾಲ. ದಾರಕ್ಕೆ ಹಚ್ಚಿ ಒಣಗಿಸಿ ತಂದ ಲಸಿಕೆ ಸೆಕೆಗೆ ಕೆಟ್ಟುಹೋಗುತ್ತಿತ್ತು. ಹಾಗಾಗಿ ಮಕ್ಕಳ ಮೈಯೇ ಸೀಸೆ.

ಮರುವರ್ಷ ಸ್ಪೇನ್ ದೇಶ ಅಮೆರಿಕಾ ಖಂಡದ ತನ್ನ ವಸಾಹತುಗಳಿಗೆ ಲಸಿಕೆ ಮುಟ್ಟಿಸಲು 22 ಅನಾಥ ಹುಡುಗರನ್ನು ಹಡಗು ಹತ್ತಿಸಿತು. ಒಂದು ಸಲಕ್ಕೆ ಇಬ್ಬರು. ಅವರ ಗುಳ್ಳೆ ಮಾಗಿದಾಗ ಮುಂದಿನ ಇಬ್ಬರು. ದೊಡ್ಡವರ ತೋಳು ಯಾಕಾಗಲಿಲ್ಲ? ಸಿಡುಬು ಬಂದು ಹೋದವರಿಗೆ ಲಸಿಕೆ ಹತ್ತುವುದಿಲ್ಲ. ಸರಿ, ಆದರೆ ಅನಾಥರೇ ಯಾಕೆ? ಬೇಡ ಅನ್ನಲು ಅವರಿಗೆ ಅಪ್ಪ ಅಮ್ಮ ಇರಲಿಲ್ಲ. ಅದಕ್ಕೇ ಅಂತ ನನ್ನ ಅನುಮಾನ.

ಎಷ್ಟೋ ಜೀವ ಉಳಿಯಿತು, ನಿಜ. ಆ ಹುಡುಗರಿಗೂ ಸಿಡುಬಿನ ಭಯ ತಪ್ಪಿತು. ಇವತ್ತು ಸಂಶೋಧನೆಗೆ ರಕ್ತ ಕೊಡುವ ಮಗುವಿಗೆ ಎಷ್ಟೋ ಸಲ ಅಷ್ಟೂ ಸಿಗುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಅಪ್ಪ ಅಮ್ಮನ ಸಹಿ ಸಾಲದು. ಏಳು ದಾಟಿದ ಮಗುವನ್ನೂ ಕೇಳಬೇಕು. ಹನ್ನೆರಡರವರೆಗೆ ಬಾಯಿಮಾತಿನ ಒಪ್ಪಿಗೆ ಸಾಕು, ಆಮೇಲೆ ಬರಹದಲ್ಲಿ.

ಕಾಗದದಲ್ಲಿ ಇದು ಸುಲಭ. ಲ್ಯಾಬಿಗೆ ಬನ್ನಿ. ಎಂಟು ವರ್ಷದ ಹುಡುಗ ಸ್ಟೂಲಿನ ಮೇಲೆ ಕೂತಿದ್ದಾನೆ ಅಂದ್ಕೊಳ್ಳಿ. ಕಾಲು ನೆಲಕ್ಕೆ ಎಟುಕುತ್ತಿಲ್ಲ. ಜ್ವರದ ಪರೀಕ್ಷೆಗೆ ಒಂದು ಟ್ಯೂಬ್ ರಕ್ತ ಬೇಕು. "ಹೇಗೂ ಚುಚ್ಚುತ್ತೀವಲ್ಲ, ಸ್ಟಡಿಗೆ ಇನ್ನೊಂದು ಟ್ಯೂಬ್ ತಗೋತೀವಿ" ಅನ್ನುತ್ತಾರೆ. ಅಮ್ಮ ತಲೆಯಾಡಿಸುತ್ತಾರೆ. ಡಾಕ್ಟರಿಗೆ ಆಗಲ್ಲ ಅನ್ನೋದು ಕಷ್ಟ, ಅಲ್ವಾ? ಹುಡುಗ ಅಮ್ಮನ ಮುಖ ನೋಡುತ್ತಾನೆ. ಎರಡನೇ ಟ್ಯೂಬು ತನ್ನ ಜ್ವರಕ್ಕಲ್ಲ ಅಂತ ಅವನಿಗೆ ಯಾರೂ ಹೇಳಿಲ್ಲ.

ಚಾಕೊಲೇಟ್ ಆಸೆ ತೋರಿಸಿ ಸುಮ್ನೆ ಪುಸಲಾಯಿಸಿದರೆ ಕೇಳಿದ ಹಾಗಾಗುವುದಿಲ್ಲ. ಕೇಳುವುದು ಹೀಗೆ: "ಪುಟ್ಟಾ, ಇದು ಬೇರೆ ಮಕ್ಕಳ ಕಾಯಿಲೆ ಏನಂತ ತಿಳಿಯೋಕೆ. ಕೊಡ್ತೀಯಾ? ಬೇಡ ಅಂದ್ರೂ ಯಾರೂ ಬಯ್ಯಲ್ಲ, ನಿನ್ನ ಔಷಧಿ ನಿನಗೆ ಸಿಗುತ್ತೆ."

ಆಮೇಲೆ ಸ್ವಲ್ಪ ಹೊತ್ತು ಕಾಯಬೇಕು. ಅವನು ತಲೆ ಅಡ್ಡ ಆಡಿಸಿದರೆ, ಎರಡನೇ ಟ್ಯೂಬನ್ನು ಖಾಲಿಯಾಗಿಯೇ ಟ್ರೇಗೆ ವಾಪಸ್ ಇಡಬೇಕು.